ಊರಿಲ್ಲದ ಪೆನ್ನು

ಮಸಿ ಪೆನ್ನಿನ ಹುಚ್ಚಿರುವ ಇಬ್ಬರು ಒಂದು ಕಡೆ ಕೂತರೆ ಯಾವ ಪೆನ್ನು ಕೊಳ್ಳಬೇಕು ಎಂಬ ಮಾತು ಬೇಗ ಮುಗಿಯುತ್ತದೆ. ಯಾವುದನ್ನು ಕೊಳ್ಳಬಾರದು ಎಂಬ ಮಾತು ಶುರುವಾಯಿತೆಂದರೆ ಎರಡನೇ ಸಲ ಚಹಾ ಬಂದರೂ ಮುಗಿಯುವುದಿಲ್ಲ. ಒಬ್ಬರಿಗೆ ಚೀನಾದ ಪೆನ್ನು ಬೇಡ. ಇನ್ನೊಬ್ಬರಿಗೆ ಬಂಗಾರದ ನಿಬ್ಬಿನ ದುಬಾರಿ ಪೆನ್ನು ಬೇಡ. ಅದು ಬರೆಯುವುದಕ್ಕಲ್ಲ, ಕಿಸೆಯಲ್ಲಿ ಸಿಕ್ಕಿಸಿಕೊಂಡು ತೋರಿಸುವುದಕ್ಕೆ ಎಂಬುದು ಅವರ ವಾದ. ಮತ್ತೊಬ್ಬರು ತಯಾರಕನ ವಿಚಾರ ಸೇರದೆ ಅವನ ಮಸಿಯನ್ನೇ ಬಿಟ್ಟವರು. ಹಳೆಯ ಹೆಸರೊಂದು ಕೈ ಬದಲಾಗಿ ಗುಣ ಕಳೆದುಕೊಂಡಿತೆಂದು ಮುನಿಸಿಕೊಂಡವರೂ ಇದ್ದಾರೆ. ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಮನೋಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಪೆನ್ನು ಕಸುಬಿನ ಹತಾರ. ಪ್ರೀತಿಯ ವಸ್ತುವೂ ಹೌದು. ಹೀಗಾಗಿ ಇಂಥ ಮಾತುಗಳಲ್ಲಿ ನಾನೂ ಬಹಳ ಕೂತಿದ್ದೇನೆ, ನನ್ನ ಪಾಲಿನ ‘ಬೇಡ’ಗಳನ್ನೂ ಸೇರಿಸಿದ್ದೇನೆ. ಆದರೆ ಹತ್ತನೇ ಇಯತ್ತೆ ಮುಗಿಸಿದ ಹುಡುಗನೊಬ್ಬ ಕೇಳಿದ ಮಾತು ನನ್ನನ್ನು ಬೇರೆ ದಾರಿಗೆ ಹಚ್ಚಿತು. “ಸರ, ಅಪ್ಪ ಒಂದು ಚಲೋ ಪೆನ್ನ ಕೊಡಸ್ತೀನಿ ಅಂದಾನ. ಯಾವ್ಯಾವ ಕಂಪನೀದು ಬ್ಯಾಡ ಅನ್ನೋದು ಹೇಳ್ರಿ. ಉಳದದ್ರಾಗ ನಾ ಆರಿಸ್ಕೊತೀನಿ” ಅಂದ. ಹೇಳಲು ಹೋದೆ. ಹೆಸರುಗಳು ಬಾಯಿಗೆ ಬಂದವು, ಕಾರಣಗಳು ಮಾತ್ರ ಒಂದಕ್ಕೊಂದು ಹೊಂದಲಿಲ್ಲ. ಒಂದು ಪೆನ್ನು ಬೇಡ ಏಕೆಂದರೆ ಅದು ಬರೆಯುವುದಿಲ್ಲ. ಇನ್ನೊಂದು ಬೇಡ ಏಕೆಂದರೆ ಅದು ಇನ್ನೊಬ್ಬರ ರೂಪ ಕದ್ದಿದೆ. ಮತ್ತೊಂದು ಚೆನ್ನಾಗಿಯೇ ಬರೆಯುತ್ತದೆ, ಆದರೂ ಬೇಡ. ಈ ಮೂರು ‘ಬೇಡ’ಗಳು ಒಂದೇ ತೂಕದವೇ? ನಾವು ಬೇಡ ಎಂದಾಗ ಯಾರಿಗೆ ಹೇಳುತ್ತೇವೆ? ಆ ಮಾತು ಯಾರ ಕಿವಿಗಾದರೂ ಬೀಳುತ್ತದೆಯೇ?

ಕಾಗದಪತ್ರದಲ್ಲಿ ಮುನವಳ್ಳಿ, ನಮ್ಮ ಬಾಯಲ್ಲಿ ಮನೋಳಿ. ಮಲಪ್ರಭೆಯ ದಂಡೆಯ ಊರು. ನವಿಲುತೀರ್ಥದ ಆಣೆಕಟ್ಟು ನಮಗೆ ಮೇಲುಗಡೆ. ಇಲ್ಲಿ ನನ್ನ ವಾರಿಗೆಯವರು ಪಾಟಿಯಿಂದ ಪೆನ್ಸಿಲ್ಲಿಗೆ, ಪೆನ್ಸಿಲ್ಲಿನಿಂದ ಮಸಿ ಪೆನ್ನಿಗೆ ಬಂದವರು. ಮಸಿ ಪೆನ್ನು ಕೈಗೆ ಬಂದ ದಿನ ಹುಡುಗ ದೊಡ್ಡವನಾದ ಎಂದು ಲೆಕ್ಕ. ಬಾಲ್ ಪೆನ್ನಿನಿಂದ ಬರೆದರೆ ಅಕ್ಷರ ಕೆಡುತ್ತದೆಂದು ಮಾಸ್ತರರು ಮುಟ್ಟಗೊಡುತ್ತಿರಲಿಲ್ಲ. ಆಗ ಕಂಪನಿಯ ಹೆಸರು ಕೇಳಿದವರು ಕಡಿಮೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿವೆಯ ಜಾತ್ರೆಗೆ ಹೋದವರು ಬಳೆ, ಬೆಂಡು-ಬೆತ್ತಾಸಿನ ಜೊತೆ ಬಣ್ಣದ ಪೆನ್ನನ್ನೂ ತರುತ್ತಿದ್ದರು. ಅದು ಎಂಟು ದಿನ ಬರೆದರೆ ಪುಣ್ಯ. ಬರೆಯುವ ಪೆನ್ನು ಬೇಕಾದರೆ ಪೇಟೆಯ ಅಂಗಡಿಗೇ ಹೋಗಬೇಕು.

ಆ ಅಂಗಡಿಯ ಕಾಕಾ ಪೆನ್ನು ಮಾರುವವರಷ್ಟೇ ಅಲ್ಲ, ರಿಪೇರಿಯನ್ನೂ ಮಾಡುವವರು. ಬರೆಯದ ಪೆನ್ನನ್ನು ಅವರ ಕೈಗೆ ಕೊಟ್ಟರೆ ಮೊದಲು ಟೊಪ್ಪಿಗೆ ತೆಗೆದು ನಿಬ್ಬನ್ನು ಬೆಳಕಿಗೆ ಹಿಡಿಯುತ್ತಿದ್ದರು. ನಿಬ್ಬಿನ ನಡುವಿನ ಸೀಳಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣಬೇಕು, ತುದಿಗೆ ಬರಬರುತ್ತ ಅದು ಕೂಡಿಕೊಳ್ಳಬೇಕು. ಬೆಳಕೇ ಕಾಣದಿದ್ದರೆ ಮಸಿ ಇಳಿಯುವುದಿಲ್ಲ, ತುದಿಯಲ್ಲಿ ಅಗಲವಾಗಿದ್ದರೆ ಗೆರೆ ಒಡೆಯುತ್ತದೆ. ಆಮೇಲೆ ನಿಬ್ಬನ್ನೂ ಅದರ ಕೆಳಗಿನ ನಾಲಿಗೆಯನ್ನೂ ಬಟ್ಟೆಯಲ್ಲಿ ಹಿಡಿದು ಒಟ್ಟಿಗೆ ಎಳೆದು ತೆಗೆಯುವರು. ನಾಲಿಗೆಯ ಮೇಲಿನ ಸಣ್ಣ ಗೆರೆಯಲ್ಲಿ ಒಣಗಿದ ಮಸಿಯನ್ನು ಬ್ಲೇಡಿನ ಚೂರಿನಿಂದ ಬಿಡಿಸುವರು. ನಾಲಿಗೆ ಎಬೊನೈಟಿನದಾಗಿದ್ದರೆ ಮುಖ ಅರಳುತ್ತಿತ್ತು. ಎಬೊನೈಟ್ ಎಂದರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರು. ಕುದಿಯುವ ನೀರಿನಲ್ಲಿ ಒಂದು ಗಳಿಗೆ ಅದ್ದಿದರೆ ಅದು ಮೆತ್ತಗಾಗುತ್ತದೆ, ಬೆರಳಿನಿಂದ ಒತ್ತಿದರೆ ನಿಬ್ಬಿಗೆ ಅಂಟಿ ಕೂರುತ್ತದೆ, ಆರಿದ ಮೇಲೆ ಹಾಗೇ ನಿಲ್ಲುತ್ತದೆ. ಪ್ಲಾಸ್ಟಿಕ್ ನಾಲಿಗೆಗೆ ಈ ಉಪಾಯ ನಡೆಯುವುದಿಲ್ಲ. ಎಲ್ಲ ಮುಗಿದ ಮೇಲೆ ತಮ್ಮ ಹಳೆಯ ಖಾತೆ ಪುಸ್ತಕದ ಖಾಲಿ ಅಂಚಿನ ಮೇಲೆ ಶ್ರೀಕಾರ ಬರೆದು ನೋಡಿಯೇ ಪೆನ್ನು ವಾಪಸು ಕೊಡುತ್ತಿದ್ದರು.

ಒಮ್ಮೆ ನಾನು ಹೊಳೆಹೊಳೆಯುವ ಹೊಸ ಮಾದರಿಯೊಂದನ್ನು ಬೆರಳು ಮಾಡಿ ತೋರಿಸಿದಾಗ ಅವರು ತೆಗೆದು ಕೊಡಲಿಲ್ಲ. “ಅದು ಬ್ಯಾಡ್ರಿ ಸರ. ನಾಳೆ ಅದು ಕೆಟ್ಟರ ನೀವು ನನ್ನ ಕಡೆ ಬರ್ತೀರಿ. ನಾ ಯಾರ ಕಡೆ ಹೋಗ್ಲಿ?”

ನಾನು ಆವತ್ತು ಆ ಮಾತನ್ನು ವ್ಯಾಪಾರದ ಮಾತೆಂದಷ್ಟೇ ಕೇಳಿದ್ದೆ. ಈಗ ಅನಿಸುತ್ತದೆ, ಪೆನ್ನಿನ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಅದಕ್ಕಿಂತ ಆಳವಾದದ್ದಿಲ್ಲ. ಕಾಕಾ ಆ ಪೆನ್ನು ಕೆಟ್ಟದೆಂದು ಹೇಳಲಿಲ್ಲ. ಅದರ ದೇಶ, ಬಣ್ಣ, ಬೆಲೆ ಯಾವುದನ್ನೂ ಎತ್ತಲಿಲ್ಲ. ಅದರ ಹಿಂದೆ ಯಾರೂ ಇಲ್ಲ ಎಂದರು, ಅಷ್ಟೇ.

ಈ ಮಾತನ್ನು ಕೈಯಲ್ಲಿ ಹಿಡಿದು ಪೆನ್ನುಪ್ರಿಯರ ಪಟ್ಟಿಯ ಕಡೆ ನೋಡಿದರೆ ಅದು ಬೇರೆಯೇ ಕಾಣುತ್ತದೆ. ನಕಲಿನ ವಿಚಾರವನ್ನೇ ಮೊದಲು ತಗೊಳ್ಳೋಣ, ಅತಿ ಹೆಚ್ಚು ಸಿಟ್ಟು ಇರುವುದು ಅಲ್ಲೇ. ಅಮೆರಿಕದ ಪಾರ್ಕರ್ ಕಂಪನಿ 1941ರಲ್ಲಿ ‘51’ ಎಂಬ ಪೆನ್ನು ಹೊರತಂದಿತು. ನಿಬ್ಬು ಒಳಗೆ ಮುಚ್ಚಿಕೊಂಡು ತುದಿಯಷ್ಟೇ ಹೊರಗೆ ಕಾಣುವ ರೂಪ ಅದು. ಅದೇ ರೂಪದಲ್ಲಿ ಶಾಂಘೈನ ಹೀರೋ ಕಂಪನಿ ತನ್ನ 616, 329ರಂಥ ಪೆನ್ನು ಮಾಡಿತು. ನಮ್ಮ ಕಡೆ ಹೀರೋ ಪೆನ್ನೆಂದರೆ ಏನು ಬೆಲೆ ಇತ್ತು ಎಂಬುದು ನನ್ನ ವಯಸ್ಸಿನವರಿಗೆ ಗೊತ್ತು. ಅಂಗಿಯ ಕಿಸೆಯಲ್ಲಿ ಅದರ ಲೋಹದ ಟೊಪ್ಪಿಗೆ ಮಿಂಚುತ್ತಿದ್ದರೆ ಮದುವೆ ಮನೆಯಲ್ಲಿ ಕುರ್ಚಿ ತಾನೇ ಮುಂದೆ ಬರುತ್ತಿತ್ತು. ಪಾರ್ಕರ್ 51 ನಮ್ಮ ಮಟ್ಟಕ್ಕೆ ಬರುವ ವಸ್ತುವೇ ಆಗಿರಲಿಲ್ಲ. ಹೀರೋದಿಂದ ಬರೆದೇ ನಮ್ಮ ಕಡೆಯ ಎಷ್ಟೋ ಗುಮಾಸ್ತರು, ತಲಾಠಿಗಳು, ಮಾಸ್ತರರು ಜೀವನ ಮಾಡಿದರು. ಅವರಿಗೆ ಹೋಗಿ ‘ನೀವು ಕದ್ದ ರೂಪದ ಪೆನ್ನಿನಿಂದ ಬರೆದಿರಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೀರೋ ತನ್ನ ಹೆಸರನ್ನು ತಾನೇ ಹೊತ್ತುಕೊಂಡಿತ್ತು. ಪಾರ್ಕರ್ ಎಂದು ಬರೆದುಕೊಳ್ಳಲಿಲ್ಲ.

ಈಗ ಜಿನ್‌ಹಾವೋ ಎಂಬ ಚೀನೀ ಕಂಪನಿಯ 159 ಎಂಬ ದಪ್ಪ ಪೆನ್ನು ಜರ್ಮನಿಯ ಮಾಂಟ್‌ಬ್ಲಾಂಕ್ 149ನ್ನು ನೆನಪಿಸುವಂತಿದೆ. ಚೀನಾದ್ದೇ ಆದ ಮಜಾನ್ ಎ1 ಜಪಾನಿನ ಪೈಲಟ್ ಕಂಪನಿಯ ಗುಂಡಿ ಒತ್ತುವ ಪೆನ್ನಿನ ಹಾದಿ ಹಿಡಿದಿದೆ. ಇವುಗಳನ್ನು ಕೊಳ್ಳುವುದೇ ಇಲ್ಲ ಎಂದು ಆಣೆ ಹಾಕಿದವರು ಹಲವರು. ಅವರ ಮಾತಿನಲ್ಲಿ ನ್ಯಾಯ ಇದೆ: ಒಂದು ಯಂತ್ರವನ್ನು ಯೋಚಿಸಿ ಕಂಡುಹಿಡಿಯಲು ವರ್ಷಗಟ್ಟಲೆ ದುಡಿದವನ ದುಡಿಮೆಯನ್ನು ಒಂದೇ ಹಂಗಾಮಿನಲ್ಲಿ ಕೊಯ್ದುಕೊಂಡು ಹೋಗುವುದು ಸರಿಯಲ್ಲ. ಆದರೂ ನಾನು ಈ ನಕಲನ್ನೂ ಖೋಟಾ ಮಾಲನ್ನೂ ಒಂದೇ ಸಾಲಿನಲ್ಲಿ ಇಡಲಾರೆ. ಹೀರೋ ಪ್ರಸಿದ್ಧವಾದ ಮೇಲೆ ಹೀರೋದ್ದೇ ಖೋಟಾ ಪೆನ್ನುಗಳು ಪೇಟೆ ತುಂಬಿದವು. ಬಲ್ಲವರು ಇವತ್ತು 616 ಕೊಳ್ಳಬೇಡಿ ಎನ್ನುವುದು ಆ ಪೆನ್ನು ಕೆಟ್ಟದೆಂದಲ್ಲ, ಕೈಗೆ ಸಿಗುವುದು ಅದೇ ಹೌದೋ ಅಲ್ಲವೋ ತಿಳಿಯುವುದಿಲ್ಲವೆಂದು. ಒಳಗಿನ ರಬ್ಬರ್ ಚೀಲ ಬಿರುಕು ಬಿಟ್ಟರೆ, ನಾಲಿಗೆಯಿಂದ ಮಸಿ ಸುರಿದರೆ ಶಾಂಘೈನ ಕಾರ್ಖಾನೆ ‘ಇದು ನಮ್ಮದಲ್ಲ’ ಎನ್ನುತ್ತದೆ, ಹಾಗನ್ನುವುದು ನ್ಯಾಯವೂ ಹೌದು. ಹಾಗಾದರೆ ಯಾರದು? ಉತ್ತರ ಕೊಡುವವರಿಲ್ಲ.

ಹೆಸರೇ ಸುಳ್ಳು ಹೇಳುವ ಇನ್ನೊಂದು ಬಗೆ ನಿಬ್ಬಿನ ಮೇಲೆಯೇ ಕಾಣುತ್ತದೆ. ಅಗ್ಗದ ಎಷ್ಟೋ ಪೆನ್ನುಗಳ ನಿಬ್ಬಿಗೆ ಇಂಗ್ಲಿಷಿನಲ್ಲಿ ‘ಇರಿಡಿಯಂ ಪಾಯಿಂಟ್ ಜರ್ಮನಿ’ ಎಂದು ಅಚ್ಚು ಒತ್ತಿರುತ್ತಾರೆ. ನಿಬ್ಬಿನ ತುದಿ ಕಾಗದಕ್ಕೆ ಉಜ್ಜಿ ಸವೆಯಬಾರದೆಂದು ಅಲ್ಲಿ ಗಟ್ಟಿ ಮಿಶ್ರಲೋಹದ ಸಣ್ಣ ಗುಂಡನ್ನು ಬೆಸೆಯುವುದು ವಾಡಿಕೆ. ಒಂದು ಕಾಲಕ್ಕೆ ಅದರಲ್ಲಿ ಇರಿಡಿಯಂ ಇರುತ್ತಿತ್ತು, ಈಗ ಬಹುತೇಕ ಬೇರೆ ಲೋಹಗಳು ಬಂದಿವೆ. ಜರ್ಮನಿಯ ಸಂಬಂಧವೂ ಇಂಥ ನಿಬ್ಬುಗಳಲ್ಲಿ ಎಷ್ಟೋ ಸಲ ಅಚ್ಚಿನಷ್ಟೇ. ನಿಜವಾದ ಜರ್ಮನ್ ನಿಬ್ಬಿನವರೂ ಇದ್ದಾರೆ: ಹೈಡೆಲ್‌ಬರ್ಗಿನ ಬಾಕ್, ಬರ್ಲಿನ್ನಿನ ಜೋವೋ. ಜಗತ್ತಿನ ಹತ್ತಾರು ಕಂಪನಿಗಳ ಪೆನ್ನಿನಲ್ಲಿ ಕೂರುವುದು ಇವರ ನಿಬ್ಬು. ನಮ್ಮಲ್ಲಿ ಕಾನ್ಪುರದ ಕ್ಯಾನ್‌ರೈಟ್ ಹೀಗೆಯೇ ಬೇರೆಯವರಿಗೂ ನಿಬ್ಬು ಮಾಡಿಕೊಡುತ್ತದೆ. ಟೊಪ್ಪಿಗೆಯ ಮೇಲಿನ ಹೆಸರು ಒಬ್ಬರದು, ಕಾಗದವನ್ನು ಮುಟ್ಟುವ ಲೋಹ ಇನ್ನೊಬ್ಬರದು.

ಹೆಸರಿಗೆ ಊರು ಎಂಬುದೂ ಸ್ಥಿರವಲ್ಲ. ಅಯೋವಾದ ಫೋರ್ಟ್ ಮ್ಯಾಡಿಸನ್‌ನಲ್ಲಿ ಹುಟ್ಟಿ ಅಮೆರಿಕದ ಹೆಮ್ಮೆಯೆನಿಸಿದ ಶೆಫರ್ 2022ರಲ್ಲಿ ಬೆಂಗಳೂರಿನ ವಿಲಿಯಂ ಪೆನ್ ಕಂಪನಿಯ ಸ್ವತ್ತಾಯಿತು. ನಮ್ಮ ಕಂಪಾಸ್ ಪೆಟ್ಟಿಗೆ, ಮಸಿ ಬಾಟಲಿಗಳ ಕ್ಯಾಮ್ಲಿನ್, 1931ರಲ್ಲಿ ಮುಂಬಯಿಯ ದಾಂಡೇಕರ್ ಮನೆತನ ಕಟ್ಟಿದ್ದು, ಈಗ ಜಪಾನಿನ ಕೊಕುಯೋ ಕೈಯಲ್ಲಿದೆ. ಜರ್ಮನಿಯ ಲಾಮಿ 2024ರಲ್ಲಿ ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿಗೆ ಸೇರಿತು. ಸ್ವದೇಶಿ ಎಂದು ಕೊಳ್ಳಲು ಹೋದವನು ಶೆಫರ್ ತಗೊಳ್ಳಬೇಕೋ ಕ್ಯಾಮ್ಲಿನ್ ತಗೊಳ್ಳಬೇಕೋ? ಬ್ರ್ಯಾಂಡಿನ ಹೆಸರು ಹಿಡಿದು ಬೇಕು-ಬೇಡ ಎನ್ನುವವರು ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು.

ಸ್ವದೇಶಿಯ ಮಾತು ಬಂದ ಮೇಲೆ ನಮ್ಮ ಜಿಲ್ಲೆಯನ್ನು ದಾಟಿ ಹೋಗುವಂತಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದರೆ ಚಂದಾ ಹಣದ ಬದಲು ನೂಲು ಕೊಡಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ವಿದೇಶಿ ಬಟ್ಟೆ ಬೇಡ ಎಂದವನು ಮನೆಯಲ್ಲಿ ಕೂತು ರಾಟಿ ತಿರುಗಿಸಬೇಕು. ಬೇಡ ಎಂಬುದರ ಬೆನ್ನಿಗೇ ಮಾಡು ಎಂಬುದನ್ನು ಕಟ್ಟಿದ ರೀತಿ ಅದು. ಕರ್ನಾಟಕದ ಸಿಂಹ ಎನಿಸಿದ ಗಂಗಾಧರರಾವ ದೇಶಪಾಂಡೆಯವರು ನಮ್ಮ ಜಿಲ್ಲೆಯ ಹುದಲಿಯಲ್ಲಿ ಖಾದಿ ಕೆಲಸಕ್ಕೆ ಬುನಾದಿ ಹಾಕಿದರು, 1937ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ತಂಗಿದರು. ಹುದಲಿಯಲ್ಲಿ ಇವತ್ತಿಗೂ ಖಾದಿ ನೇಯುತ್ತಾರೆ.

ಇದೇ ಗಾಂಧೀಜಿಯ ಮುಂದೆ ಪೆನ್ನಿನ ಪ್ರಶ್ನೆಯೂ ಬಂತು. ಗೋದಾವರಿ ತೀರದ ರಾಜಮಹೇಂದ್ರಿಯ ಕೆ.ವಿ. ರತ್ನಂ ಎಂಬ ಕುಶಲಿ ಸ್ವದೇಶಿ ಫೌಂಟನ್ ಪೆನ್ನು ಮಾಡಲು ಹೊರಟವರು. ಮೊದಲು ಮಾಡಿದ ಪೆನ್ನಿನಲ್ಲಿ ವಿದೇಶಿ ಭಾಗ ಇದ್ದುದರಿಂದ ಅದು ಪೂರ್ತಿ ಸ್ವದೇಶಿ ಅಲ್ಲವೆಂದು ಗಾಂಧೀಜಿಯ ಕಡೆಯಿಂದ ಒಪ್ಪಿಗೆ ಸಿಗಲಿಲ್ಲ ಎಂದು ಹೇಳುತ್ತಾರೆ. ರತ್ನಂ ಕೆಲಸ ಬಿಡಲಿಲ್ಲ. ಲೇತಿನ ಮೇಲೆ ಎಬೊನೈಟ್ ಕಡೆದು ಮತ್ತೆ ಮಾಡಿದರು. ಆ ಪೆನ್ನು ಗಾಂಧೀಜಿಯ ಸಂಗಡಿಗ ಜೆ.ಸಿ. ಕುಮಾರಪ್ಪನವರ ಮೂಲಕ ಅವರಿಗೆ ತಲುಪಿತು. 1935ರ ಜುಲೈನಲ್ಲಿ ಗಾಂಧೀಜಿ ಅದರಿಂದ ಬರೆದು ನೋಡಿ, ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನುಗಳ ಜಾಗಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ ಎಂಬರ್ಥದ ಕಾಗದವನ್ನು ರತ್ನಂ ಅವರಿಗೆ ಬರೆದರು. ರಾಜಮಹೇಂದ್ರಿಯಲ್ಲಿ ಆ ಮನೆತನ ಇವತ್ತಿಗೂ ಪೆನ್ನು ಮಾಡುತ್ತಿದೆ.

ಗಾಂಧೀಜಿಯ ‘ಬೇಡ’ದಿಂದ ಒಂದು ಪೆನ್ನು ಹುಟ್ಟಿತು ಎಂಬುದು ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ. ನಾವು ಬೇಡ ಎಂದಾಗ ಏನೂ ಹುಟ್ಟುವುದಿಲ್ಲ. ಒಂದು ಅಂಗಡಿ ಬಿಟ್ಟು ಇನ್ನೊಂದು ಅಂಗಡಿಗೆ ಹೋಗುತ್ತೇವೆ. ವ್ಯತ್ಯಾಸ ಎಲ್ಲಿದೆ? ಅವರ ‘ಬೇಡ’ ಒಬ್ಬ ಮನುಷ್ಯನಿಗೆ ಹೇಳಿದ್ದು, ಕಾರಣ ಕೊಟ್ಟು ಹೇಳಿದ್ದು. ಕೇಳುವ ಕಿವಿ ರಾಜಮಹೇಂದ್ರಿಯಲ್ಲಿತ್ತು.

ಆ ಬೆಳಗಾವಿ ಅಧಿವೇಶನದ ವರ್ಷ, 1924ರಲ್ಲೇ, ಮಾಂಟ್‌ಬ್ಲಾಂಕ್ ತನ್ನ ಅತಿ ಹೆಸರಾದ ‘ಮೈಸ್ಟರ್‌ಸ್ಟ್ಯುಕ್’ ಸಾಲಿನ ಪೆನ್ನನ್ನು ಹೊರತಂದಿತ್ತು. ಎಂಬತ್ತೈದು ವರ್ಷದ ಮೇಲೆ, 2009ರಲ್ಲಿ, ಅದೇ ಕಂಪನಿ ಗಾಂಧೀಜಿಯ ಹೆಸರಿನಲ್ಲಿ ಒಂದು ಪೆನ್ನು ಮಾಡಿತು. ದಂಡಿ ಯಾತ್ರೆಯ 241 ಮೈಲಿಗೆ ಸರಿಯಾಗಿ 241 ಪೆನ್ನು, ಬಂಗಾರದ ನಿಬ್ಬಿನ ಮೇಲೆ ಕೋಲು ಹಿಡಿದ ಗಾಂಧಿ, ಮೈಮೇಲೆ ನೂಲು ಸುತ್ತಿದಂತೆ ಬಂಗಾರದ ತಂತಿ. ಬೆಲೆ ಹನ್ನೊಂದು ಲಕ್ಷ ರೂಪಾಯಿಗೂ ಮೇಲೆ. ಕೇರಳದಲ್ಲಿ ಗ್ರಾಹಕರ ಪರವಾಗಿ ಕೆಲಸ ಮಾಡುವವರು ಕೋರ್ಟಿಗೆ ಹೋದರು. ರಾಷ್ಟ್ರದ ಲಾಂಛನ, ಹೆಸರುಗಳನ್ನು ವ್ಯಾಪಾರಕ್ಕೆ ಬಳಸುವುದನ್ನು ತಡೆಯುವ 1950ರ ಕಾಯಿದೆಯನ್ನು ಮುಂದಿಟ್ಟರು. 2010ರಲ್ಲಿ ಕಂಪನಿ ಭಾರತದಲ್ಲಿ ಆ ಪೆನ್ನಿನ ಮಾರಾಟ ನಿಲ್ಲಿಸಿತು. ಹನ್ನೊಂದು ಲಕ್ಷದ ಪೆನ್ನನ್ನು ಮನೋಳಿಯ ಮಾಸ್ತರ ಕೊಳ್ಳುವ ಪ್ರಶ್ನೆ ಎಲ್ಲಿಯದು? ಅದನ್ನು ‘ಕೊಳ್ಳಲಾರೆ’ ಎನ್ನುವ ಹಕ್ಕಷ್ಟೇ ನನಗೆ ಇರುವುದು. ಆದರೆ ‘ಹೀಗೆ ಮಾಡಬಾರದು’ ಎನ್ನುವ ಹಕ್ಕು ಕೊಳ್ಳದವರಿಗೂ ಇದೆ ಎಂದು ಆ ಪ್ರಕರಣ ತೋರಿಸಿತು. ಕಂಪನಿಗೆ ಒಂದು ಹೆಸರು, ಒಂದು ವಿಳಾಸ ಇದ್ದುದರಿಂದ ನೋಟಿಸು ತಲುಪಿತು.

ತೀರ ಈಚಿನದೂ ಒಂದಿದೆ. ಅಮೆರಿಕದ ನೂಡ್ಲರ್ಸ್ ಒಬ್ಬರೇ ನಡೆಸುವಷ್ಟು ಸಣ್ಣ ಕಂಪನಿ, ಮಸಿಗೆ ಹೆಸರುವಾಸಿ. ಅವರ ಹೆಸರಿನ ಪೆನ್ನುಗಳು ತಯಾರಾಗಿ ಹೋಗುವುದು ನಮ್ಮ ಭಾರತದಿಂದ ಎಂಬುದು ಇಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಅವರ ಕೆಲವು ಮಸಿ ಬಾಟಲಿಗಳ ಮೇಲಿನ ಚಿತ್ರಗಳು ಯಹೂದಿಗಳನ್ನು ಹೀಯಾಳಿಸುವಂತಿವೆ ಎಂದು 2022ರಲ್ಲಿ ದೊಡ್ಡ ಗದ್ದಲವಾಯಿತು. ಅಂಗಡಿಗಳು ಆ ಮಾಲನ್ನು ಕೆಳಗಿಳಿಸಿದವು. ತಯಾರಕ ಕ್ಷಮೆ ಕೇಳಿ ಚೀಟಿಗಳನ್ನೂ ಹೆಸರುಗಳನ್ನೂ ಬದಲಿಸಿದ. ಅಷ್ಟಾದ ಮೇಲೂ ಕೆಲವರು ಆ ಮಸಿಯತ್ತ ತಿರುಗಿ ನೋಡಲಿಲ್ಲ, ಕೆಲವರು ನೋಡಿದರು. ಯಾರು ಸರಿ ಎಂದು ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ನೋವಾದದ್ದು ಯಾರಿಗೋ ಅವರು ಹೇಳಬೇಕಾದ ಮಾತು ಅದು. ನಾನು ಗಮನಿಸುವುದು ಇಷ್ಟು: ಅಲ್ಲಿ ‘ಬೇಡ’ ಎಂಬುದು ತಲುಪಿತು, ತಲುಪಿದ್ದರಿಂದ ಏನೋ ಒಂದು ಅಲುಗಿತು.

ಒಳ್ಳೆಯ ಪೆನ್ನೂ ಎಲ್ಲ ಕಡೆಗೂ ಒಗ್ಗುವುದಿಲ್ಲ, ಅದನ್ನೂ ಹೇಳಬೇಕು. ಕೊಳವೆಯೊಳಗೆ ಫಿಲ್ಲರಿನಿಂದ ನೇರ ಮಸಿ ತುಂಬುವ ನಮ್ಮ ಕಡೆಯ ಎಬೊನೈಟ್ ಪೆನ್ನುಗಳು ನನಗೆ ಪ್ರಾಣ. ಏಪ್ರಿಲ್-ಮೇ ತಿಂಗಳ ಮನೋಳಿಯ ಬಿಸಿಲಿನಲ್ಲಿ ಮಸಿ ಅರ್ಧಕ್ಕಿಂತ ಕೆಳಗಿಳಿದರೆ ಒಳಗೆ ಗಾಳಿ ಹೆಚ್ಚಾಗಿ, ಕೈಯ ಕಾವಿಗೆ ಅದು ಉಬ್ಬಿ, ನಿಬ್ಬಿನಿಂದ ಮಸಿಯ ದೊಡ್ಡ ಹನಿಯೊಂದು ಕಾಗದದ ಮೇಲೆ ಬೀಳುತ್ತದೆ. ಅಂಥ ದಿನಗಳಲ್ಲಿ ಪೆನ್ನನ್ನು ತುಂಬಿಟ್ಟುಕೊಂಡೇ ಬರೆಯಬೇಕು. ಇನ್ನು ಮಸಿಯ ವಿಚಾರ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಮಲಪ್ರಭೆಯನ್ನು ಊರೊಳಗೆ ತಂದಾಗ ಎಷ್ಟು ಮನೆಗಳ ಕಾಗದಪತ್ರ ನೆನೆದವೋ. ನಾನು ಕಂಡ ಒಂದು ಟ್ರಂಕಿನಲ್ಲಿ ಬಾಲ್ ಪೆನ್ನಿನಿಂದ ಬರೆದ ಉದ್ರಿ ಲೆಕ್ಕ ಹಾಗೇ ಓದಲು ಬರುತ್ತಿತ್ತು. ನೀಲಿ ಮಸಿಯಿಂದ ಬರೆದ ಹಾಳೆಗಳು ಒಣಗಿದ ಮೇಲೆ ತಿಳಿನೀಲಿ ಕಲೆಯಾಗಿ ಉಳಿದವು, ಒಂದಕ್ಷರವಿಲ್ಲ. ಶಾಲೆಯ ಮಸಿ ನೀರಿನಲ್ಲಿ ಕರಗುವ ಬಣ್ಣ. ಅಂಗಿಗೆ ಬಿದ್ದರೆ ತೊಳೆದು ಹೋಗಲಿ ಎಂದೇ ಹಾಗೆ ಮಾಡಿದ್ದು. ದೀಪದ ಕಾಡಿಗೆಗೆ ಅಂಟು ಬೆರೆಸಿ ಮಸಿ ಮಾಡಿಕೊಂಡು ಮೋಡಿ ಲಿಪಿಯಲ್ಲಿ ದಫ್ತರು ಬರೆಯುತ್ತಿದ್ದ ಹಳೆಯ ಕುಲಕರ್ಣಿಗಳಿಗೆ ಈ ತೊಂದರೆ ಇಷ್ಟಿರಲಿಲ್ಲ. ಮಸಿಯ ಕಪ್ಪು ಅಲ್ಲಿ ಕರಗುವ ವಸ್ತುವಲ್ಲ. ಹೊಲದ ಕಾಗದ, ಸಾಲದ ಚೀಟಿ ಬರೆಯುವವರಿಗೆ ನಾನು ಈಗ ನೀಲಿ ಮಸಿ ಬೇಡ ಎನ್ನುತ್ತೇನೆ, ಬಾಲ್ ಪೆನ್ನು ಹಿಡಿಯಿರಿ ಎನ್ನುತ್ತೇನೆ. ಪೆನ್ನಿನ ಮೇಲಿನ ಪ್ರೀತಿಗಿಂತ ಬರೆದದ್ದು ಉಳಿಯುವುದು ಅವರಿಗೆ ದೊಡ್ಡದು.

ಬಡವರ ಮಕ್ಕಳ ಮಾತನ್ನು ಬಿಟ್ಟು ಈ ವಿಚಾರ ಪೂರ್ತಿಯಾಗುವುದಿಲ್ಲ. ಕೈಯಿಂದ ಕಡೆದ ಎಬೊನೈಟ್ ಪೆನ್ನಿಗೆ ಸಾವಿರಾರು ರೂಪಾಯಿ. ಕಬ್ಬು ಕಡಿಯಲು ಹೋಗುವವರ ಮನೆಯ ಹುಡುಗಿ ಅಗ್ಗದ ಚೀನಾ ಪೆನ್ನಿನಿಂದ ದುಂಡಗೆ ಬರೆಯುತ್ತಿದ್ದರೆ ಅದನ್ನು ಬೇಡ ಎನ್ನಲು ನಾನ್ಯಾರು? ಆ ಪೆನ್ನು ಅವಳಿಗೆ ಎಟುಕಿತು, ಅವಳ ಅಕ್ಷರ ತಿದ್ದಿತು. ಗಡಿಯಲ್ಲಿ ಜಗಳವಾದಾಗಲೆಲ್ಲ ಚೀನಾ ಮಾಲು ಸುಡಿ ಎಂಬ ಕೂಗು ಏಳುತ್ತದೆ. 2020ರಲ್ಲಿ ಗಲ್ವಾನ್ ಕಣಿವೆಯ ಸಂಘರ್ಷದ ಮೇಲೆ ಆ ಕೂಗು ನಮ್ಮ ಪೇಟೆಯವರೆಗೂ ಬಂದಿತ್ತು. ಸೈನಿಕರ ಸಾವಿಗೆ ಮರುಗಿದ ಮನಸ್ಸು ಅದು, ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಹುಡುಗಿಯ ಕೈಯಿಂದ ಪೆನ್ನು ಕಿತ್ತುಕೊಳ್ಳುವವರು ಅದೇ ಬೆಲೆಗೆ, ಅದೇ ಗುಣದ ನಮ್ಮ ಪೆನ್ನೊಂದನ್ನು ಅವಳ ಕೈಗೆ ಕೊಡಬೇಕು. ಬೆಳಗಾವಿಯಲ್ಲಿ ವಿದೇಶಿ ಬಟ್ಟೆ ಬೇಡ ಎಂದವರ ಕೈಗೆ ರಾಟಿ ಕೊಟ್ಟಿದ್ದರು.

ಹಾಗಾದರೆ ಆ ಹುಡುಗನಿಗೆ ನಾನು ಹೇಳಿದ್ದೇನು? ಕಂಪನಿಗಳ ಹೆಸರನ್ನು ಹೇಳಲಿಲ್ಲ. ಪೊಟ್ಟಣ ತಿರುಗಿಸಿ ನೋಡು ಎಂದೆ. ಪೊಟ್ಟಣದಲ್ಲಿ ಮಾರುವ ವಸ್ತುವಿನ ಮೇಲೆ ತಯಾರಿಸಿದವರ ಅಥವಾ ಹೊರದೇಶದಿಂದ ತರಿಸಿದವರ ಹೆಸರು-ವಿಳಾಸ, ಬೆಲೆ, ದೂರಿಗೆ ಕರೆಮಾಡುವ ನಂಬರು ಇರಲೇಬೇಕೆಂದು ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹೇಳುತ್ತದೆ. ಜಾತ್ರೆ-ಸಂತೆಗಳಲ್ಲಿ ಪೊಟ್ಟಣವೇ ಇಲ್ಲದೆ ರಾಶಿ ಹಾಕಿ ಮಾರುವ ಪೆನ್ನಿನ ಮೇಲೆ ಇದ್ಯಾವುದೂ ಇರುವುದಿಲ್ಲ. ಕಾಕಾ ‘ನಾ ಯಾರ ಕಡೆ ಹೋಗ್ಲಿ’ ಎಂದು ಕೇಳಿದ್ದೂ ಹೀಗೆ ವಿಳಾಸವಿಲ್ಲದ ಪೆನ್ನಿನ ಬಗ್ಗೆಯೇ. ವಿಳಾಸ ಇದ್ದರೆ, ಅಗ್ಗದ್ದಾಗಲಿ ದುಬಾರಿಯಾಗಲಿ, ನಮ್ಮ ದೇಶದ್ದಾಗಲಿ ಹೊರಗಿನದಾಗಲಿ, ನಿನಗೆ ಬೇಕಾದ್ದನ್ನು ಆರಿಸಿಕೋ. ಹಿಡಿಸದಿದ್ದರೆ ಸುಮ್ಮನೆ ಪೆಟ್ಟಿಗೆಯಲ್ಲಿ ಎಸೆಯಬೇಡ, ಮಾಡಿದವನಿಗೆ ಹೇಳು ಎಂದೆ.

ಕಾಕಾ ಈಗಿಲ್ಲ, ಅವರ ಅಂಗಡಿಯಲ್ಲಿ ಮೊಬೈಲ್ ರಿಚಾರ್ಜ್ ನಡೆಯುತ್ತದೆ. ನಮ್ಮ ಸುತ್ತಿನ ಪೇಟೆಗಳಲ್ಲಿ ಬಿಡಿ ನಿಬ್ಬು ಹುಡುಕಿದರೂ ಸಿಗುವುದು ಕಷ್ಟ. ಹೇಳುವವರ ಮತ್ತು ಮಾಡುವವರ ನಡುವೆ ನಿಂತಿದ್ದ ಅಂಥ ಮನುಷ್ಯರು ಹೋದ ಮೇಲೆಯೇ ‘ಬೇಡ’ಗಳ ಪಟ್ಟಿ ಇಷ್ಟು ಉದ್ದವಾಗಿದ್ದು ಎಂದು ನನಗೆ ಬಲವಾಗಿ ಅನಿಸುತ್ತದೆ. ಈಗ ಆ ಕೆಲಸವನ್ನು ಬರೆಯುವವರೇ ಮಾಡಿಕೊಳ್ಳಬೇಕು.

ಹುಡುಗ ದಕ್ಷಿಣದ ಒಬ್ಬ ಲೇತಿನ ಕುಶಲಿ ಮಾಡಿದ ಸಾದಾ ಪೆನ್ನು ತರಿಸಿಕೊಂಡ, ಅವನಪ್ಪ ಎರಡು ಕಂತಿನಲ್ಲಿ ದುಡ್ಡು ಕೂಡಿಸಿದ. ಪೆನ್ನು ಚಂದ ಇತ್ತು, ಆದರೆ ಅವನ ನೋಟ್‌ಬುಕ್ಕಿನಲ್ಲಿ ಮಸಿ ಹರಡಿ ಒತ್ತಕ್ಷರಗಳೆಲ್ಲ ಮುದ್ದೆಯಾಗುತ್ತಿದ್ದವು. ‘ಕ್ಷ್ಮ’ ಬರೆದರೆ ಮಸಿಯ ಗಂಟು. ಇಬ್ಬರೂ ಕೂತು ಒಂದು ಕಾಗದ ಬರೆದೆವು. ಕನ್ನಡದಲ್ಲಿ ಮೇಲಿನ ಅಕ್ಷರದ ಕೆಳಗೆ ಒತ್ತು ಬರುತ್ತದೆ, ಸುಳಿಗಳು ಸಣ್ಣವು, ಹೀಗಾಗಿ ಈ ನಿಬ್ಬು ನಮ್ಮ ಬರಹಕ್ಕೆ ದಪ್ಪವಾಯಿತು ಎಂದು ತಿಳಿಸಿ, ಅಕ್ಷರಗಳನ್ನು ದೊಡ್ಡದಾಗಿ ಬಿಡಿಸಿಯೂ ತೋರಿಸಿದೆವು. ವಾರ ಕಳೆಯುವುದರೊಳಗೆ ಆ ತಯಾರಕರು ಫೋನ್ ಮಾಡಿದರು. ಯಾವ ಕಾಗದ, ಯಾವ ಮಸಿ, ಹುಡುಗ ಪೆನ್ನನ್ನು ಎಷ್ಟು ಓರೆ ಹಿಡಿಯುತ್ತಾನೆ ಎಂದೆಲ್ಲ ಕೇಳಿ, ಅದೇ ನೋಟ್‌ಬುಕ್ಕಿನ ನಾಲ್ಕು ಖಾಲಿ ಹಾಳೆ ಕಳಿಸಿ, ಅದರ ಮೇಲೆಯೇ ನಿಬ್ಬು ತಿಕ್ಕಿ ನೋಡಿ ಕಳಿಸುತ್ತೇನೆ ಎಂದರು. ಹುಡುಗ ನಾಲ್ಕು ಖಾಲಿ ಹಾಳೆಯ ಜೊತೆ ಐದನೆಯದೊಂದನ್ನು ಸೇರಿಸಿದ. ಅದರಲ್ಲಿ ಕನ್ನಡದ ಒತ್ತಕ್ಷರಗಳನ್ನೆಲ್ಲ ಸಾಲಾಗಿ ಬರೆದು, ಯಾವುದು ಮುದ್ದೆಯಾಯಿತೋ ಅದರ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದ.